ಕಂಪ್ಯೂಟರ್ ಕೋರ್ಸಿಗೆ ಊರು ಕೇಳುವುದಿಲ್ಲ, ಗಣಿತ ಕೇಳ್ತಾರೆ

ಕಾಸರಗೋಡು: ಡಿಗ್ರಿ ಫಲಿತಾಂಶ ಬಂದ ವಾರ ಗಡಿನಾಡಿನ ಅನೇಕ ಮನೆಗಳ ಜಗಲಿಯಲ್ಲಿ ಒಂದೇ ಮಾತು ನಡೆಯುತ್ತದೆ. ಬದಿಯಡ್ಕವಿರಲಿ, ಪೈವಳಿಕೆಯಿರಲಿ, ಎಣ್ಮಕಜೆಯಿರಲಿ, ಮಾತಿನ ಧಾಟಿ ಹೆಚ್ಚು ಬದಲಾಗುವುದಿಲ್ಲ.

“ಇನ್ನು ಎಂತ ಮಾಡುದು ಅಂತ ಉಂಟು?”

“ಎಂಎಸ್ಸಿ ಕಂಪ್ಯೂಟರ್ ಸಯನ್ಸ್ ಮಾಡ್ಬೇಕು ಅಂತ ಉಂಟಪ್ಪಾ.”

“ನಮ್ಗೆ ಅಲ್ಲಿ ಸೀಟು ಸಿಗ್ಲಿಕ್ಕುಂಟಾ? ಆಚೆ ಹೋದ್ರೆ ಕೇರಳದವ್ರು ಅಂತಾರೆ, ಈಚೆ ಬಂದ್ರೆ ಕನ್ನಡದವ್ರು ಅಂತಾರೆ.”

ಈ ಅಪ್ಪನ ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ. ರೇಷನ್ ಕಾರ್ಡು ಒಂದು ಭಾಷೆಯಲ್ಲಿ, ಮನೆಮಾತು ಇನ್ನೊಂದು ಭಾಷೆಯಲ್ಲಿ ಇರುವ ಊರಿನವರಿಗೆ ಪ್ರತಿ ಅರ್ಜಿಯಲ್ಲೂ ‘ಸ್ವಂತ ರಾಜ್ಯ’ ಎಂಬ ಕಲಂ ತುಂಬುವಾಗ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಆದರೆ ಕಂಪ್ಯೂಟರ್ ವಿಜ್ಞಾನ ಮತ್ತು ಕಂಪ್ಯೂಟೇಶನಲ್ ಗಣಿತದ ಉನ್ನತ ಕೋರ್ಸುಗಳ ಮಟ್ಟಿಗೆ ಈ ಭಯ ಬಹುಪಾಲು ಅನವಶ್ಯಕ. ಐಐಟಿ, ಭಾರತೀಯ ವಿಜ್ಞಾನ ಸಂಸ್ಥೆ, ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಈ ಸೀಟುಗಳು ಅಖಿಲ ಭಾರತ ಮಟ್ಟದ ಪರೀಕ್ಷೆಯ ರ‍್ಯಾಂಕಿನ ಮೇಲೆ ನಡೆಯುತ್ತವೆ. ಅಲ್ಲಿ ಊರು ಯಾವುದು ಎಂದು ಕೇಳುವುದಿಲ್ಲ. ಕೇಳುವುದು ಗಣಿತವನ್ನು. ನಮ್ಮ ಮಕ್ಕಳು ಎಡವುತ್ತಿರುವುದೂ ಅಲ್ಲೇ.

ಆರು ತಿಂಗಳ ಕೋರ್ಸಿಗೂ ಇದಕ್ಕೂ ಏನು ವ್ಯತ್ಯಾಸ?

ಪೇಟೆಯ ಕಟ್ಟಡಗಳ ಎರಡನೇ ಮಹಡಿಯಲ್ಲಿ ಕಂಪ್ಯೂಟರ್ ಕಲಿಸುವ ಸೆಂಟರ್‌ಗಳಿಗೆ ಗಡಿನಾಡಿನಲ್ಲಿ ಬರವಿಲ್ಲ. ಆರು ತಿಂಗಳು, ಒಂದು ವರ್ಷದ ಕೋರ್ಸುಗಳಿಗೆ ಸಾಲ ಮಾಡಿ ಫೀಸು ಕಟ್ಟಿದವರು ಬಹಳ. ಅದರಿಂದ ಉಪಯೋಗ ಇಲ್ಲವೆಂದಲ್ಲ. ಆದರೆ ಅಲ್ಲಿ ಕಲಿಸುವುದು ಹೆಚ್ಚಾಗಿ ಒಂದು ಸಾಫ್ಟ್‌ವೇರ್ ಬಳಸುವ ಬಗೆಯನ್ನು. ಆ ಸಾಫ್ಟ್‌ವೇರಿನ ಆಯುಷ್ಯ ಮುಗಿದರೆ ಕಲಿಕೆಯ ಆಯುಷ್ಯವೂ ಅರ್ಧ ಮುಗಿದ ಹಾಗೆ. ಒಂದು ಕಾಲಕ್ಕೆ ಮನೆಮಾತಾಗಿದ್ದ ವಿಷುವಲ್ ಬೇಸಿಕ್ 6ರ ಅಭಿವೃದ್ಧಿ ಸಾಧನಕ್ಕೆ ಮೈಕ್ರೋಸಾಫ್ಟ್ 2008ರಲ್ಲಿ ಬೆಂಬಲ ನಿಲ್ಲಿಸಿತು. ವೆಬ್‌ಸೈಟುಗಳಲ್ಲಿ ಚಿತ್ರ ಕುಣಿಸುತ್ತಿದ್ದ ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಕೊನೆಯಾಯಿತು.

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ ನೋಡಿ. ಕನ್ನಡ ಶಾಲೆಯಲ್ಲಿ ಎಲ್ಲರೂ ಮ.ಸಾ.ಅ., ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ ಕಲಿತಿರುತ್ತಾರೆ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸು, ಉಳಿದ ಶೇಷದಿಂದ ಚಿಕ್ಕದನ್ನು ಭಾಗಿಸು, ಶೇಷ ಸೊನ್ನೆ ಬರುವವರೆಗೆ ಮುಂದುವರಿಸು ಎಂಬ ಈ ವಿಧಾನವನ್ನು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸುಮಾರು 2300 ವರ್ಷಗಳ ಹಿಂದೆ ಬರೆದಿಟ್ಟ. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ರೂಪಿಸಿದ ‘ಆರ್‌ಎಸ್‌ಎ’ ಎಂಬ ಗುಪ್ತಲಿಪಿಯಲ್ಲಿ ಕೀಲಿ ತಯಾರಿಸಲು ಬೇಕಾಗುವುದು ಇದೇ ಮ.ಸಾ.ಅ. ವಿಧಾನದ ವಿಸ್ತೃತ ರೂಪ. ಇಂಟರ್‌ನೆಟ್ ಮೂಲಕ ಹೋಗುವ ಗುಟ್ಟಿನ ಮಾಹಿತಿ ಕಾಯಲು ದಶಕಗಳ ಕಾಲ ದುಡಿದ ವಿದ್ಯೆಯ ಒಂದು ಕಂಬ ನಮ್ಮ ಎಲ್‌ಪಿ, ಯುಪಿ ಶಾಲೆಯ ಪಾಟಿಯಲ್ಲೇ ಇತ್ತು.

ಸೆಂಟರ್ ಕೋರ್ಸು ಉಪಕರಣ ಕಲಿಸುತ್ತದೆ. ವಿಶ್ವವಿದ್ಯಾನಿಲಯದ ಉನ್ನತ ಕೋರ್ಸು ಆ ಉಪಕರಣ ಯಾಕೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ, ಹೊಸದನ್ನು ಮಾಡುವುದು ಹೇಗೆ ಎಂದು ಕಲಿಸುತ್ತದೆ. ಮೊದಲನೆಯದು ಬೇಗ ಮುಗಿಯುತ್ತದೆ. ಎರಡನೆಯದಕ್ಕೆ ಎರಡು ವರ್ಷ ತಲೆ ಕೊಡಬೇಕು.

ಮದುವೆ ಕಾಗದ ಕೊಡುವ ಲೆಕ್ಕ

ಈ ಕೋರ್ಸಿನ ಹೃದಯಭಾಗ ‘ಅಲ್ಗೊರಿದಮ್’ ಎಂಬ ವಿಷಯ. ಹೆಸರು ಕೇಳಿ ಹೆದರಬೇಕಾಗಿಲ್ಲ. ನಮ್ಮಲ್ಲೇ ಪ್ರತಿ ವರ್ಷ ಎದುರಾಗುವ ಒಂದು ಲೆಕ್ಕದಿಂದ ಅದನ್ನು ತಿಳಿಯಬಹುದು.

ಮನೆಯಲ್ಲಿ ಮದುವೆ. ಇವತ್ತು 20 ಮನೆಗೆ ಕಾಗದ ಕೊಟ್ಟು ಬರಬೇಕು. ಯಾವ ಮನೆಗೆ ಮೊದಲು, ಯಾವುದಕ್ಕೆ ಆಮೇಲೆ ಹೋದರೆ ಒಟ್ಟು ದಾರಿ ಅತಿ ಕಡಿಮೆಯಾಗುತ್ತದೆ? ಮೊದಲ ಮನೆಯ ಆಯ್ಕೆ 20, ಎರಡನೆಯದಕ್ಕೆ 19, ಮೂರನೆಯದಕ್ಕೆ 18, ಹೀಗೆ ಗುಣಿಸುತ್ತಾ ಹೋದರೆ ಬರುವ ಸಂಖ್ಯೆಯಲ್ಲಿ 19 ಅಂಕಿಗಳಿವೆ. ಪ್ರತಿ ಸೆಕೆಂಡಿಗೆ 100 ಕೋಟಿ ಕ್ರಮಗಳನ್ನು ಪರೀಕ್ಷಿಸುವ ಯಂತ್ರ ಇದೆ ಎಂದಿಟ್ಟುಕೊಂಡರೂ ಎಲ್ಲವನ್ನೂ ನೋಡಿ ಮುಗಿಸಲು ಸುಮಾರು 77 ವರ್ಷ ಬೇಕು. ಅಷ್ಟರಲ್ಲಿ ಮದುಮಕ್ಕಳ ಮರಿಮಕ್ಕಳ ಮದುವೆಯೂ ಆಗಿರುತ್ತದೆ!

ಆದರೆ ಒಂದು ವಿಷಯ ಗಮನಿಸಿ. ಹತ್ತು ಮನೆ ಮುಗಿಸಿ ಹನ್ನೊಂದನೆಯ ಮನೆಯ ಅಂಗಳದಲ್ಲಿ ನಿಂತಿರುವಾಗ, ಆ ಹತ್ತು ಮನೆಗಳಿಗೆ ಯಾವ ಕ್ರಮದಲ್ಲಿ ಹೋದದ್ದು ಎಂಬುದು ಮುಂದಿನ ದಾರಿಗೆ ಮುಖ್ಯವಲ್ಲ. ಯಾವ ಯಾವ ಮನೆ ಮುಗಿದಿದೆ, ಈಗ ನಿಂತಿರುವುದು ಎಲ್ಲಿ, ಇಷ್ಟು ಗೊತ್ತಿದ್ದರೆ ಸಾಕು. ಹಾಗಾಗಿ ಪ್ರತಿ ಗುಂಪಿಗೂ ಅತಿ ಚಿಕ್ಕ ದಾರಿಯೊಂದನ್ನು ಮಾತ್ರ ಬರೆದಿಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡಬಹುದು. 1962ರಲ್ಲಿ ಬೆಲ್‌ಮನ್ ಒಂದು ಕಡೆ, ಹೆಲ್ಡ್ ಮತ್ತು ಕಾರ್ಪ್ ಇನ್ನೊಂದು ಕಡೆ ಪ್ರಕಟಿಸಿದ ಈ ವಿಧಾನಕ್ಕೆ ಸುಮಾರು 42 ಕೋಟಿ ಹೆಜ್ಜೆಗಳು ಸಾಕು. ಅದೇ ಯಂತ್ರದಲ್ಲಿ ಅರ್ಧ ಸೆಕೆಂಡಿನ ಒಳಗೆ ಮುಗಿಯಿತು. ಯಂತ್ರ ಬದಲಾಗಲಿಲ್ಲ. ಯೋಚನೆ ಬದಲಾಯಿತು. 77 ವರ್ಷ ಅರ್ಧ ಸೆಕೆಂಡಿಗೆ ಇಳಿಯಿತು. ಉನ್ನತ ಕೋರ್ಸಿನಲ್ಲಿ ಕಲಿಸುವುದೇನು ಎಂದು ಯಾರಾದರೂ ಕೇಳಿದರೆ ಇದಕ್ಕಿಂತ ಚಿಕ್ಕ ಉತ್ತರ ಸಿಗಲಾರದು.

ಹಾಗೆಂದು ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕೊಡಬೇಕಾದ ಮನೆ 60 ಆದರೆ ಇದೇ ವಿಧಾನಕ್ಕೆ 1 ಲಕ್ಷ 30 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಬೇರೆ ಬೇರೆ ಉಪಾಯಗಳಿಂದ ದೊಡ್ಡ ನಕ್ಷೆಗಳಿಗೂ ಸರಿಯಾದ ಉತ್ತರ ಹುಡುಕಿದವರಿದ್ದಾರೆ. 2006ರಲ್ಲಿ 85,900 ಬಿಂದುಗಳ ಒಂದು ನಕ್ಷೆಗೆ ಅತಿ ಚಿಕ್ಕ ದಾರಿ ಸಿಕ್ಕಿತು. ಆದರೆ ಎಲ್ಲ ಸಂದರ್ಭಕ್ಕೂ ಬೇಗನೆ ಮುಗಿಯುವ ವಿಧಾನ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಂಥ ವಿಧಾನ ಇದೆಯೋ ಇಲ್ಲವೋ ಎಂಬುದೇ ‘ಪಿ ಮತ್ತು ಎನ್‌ಪಿ’ ಎಂಬ ಪ್ರಸಿದ್ಧ ಪ್ರಶ್ನೆಯ ತಿರುಳು. 1971ರಲ್ಲಿ ಸ್ಟೀಫನ್ ಕುಕ್ ಇದಕ್ಕೆ ಸ್ಪಷ್ಟ ರೂಪ ಕೊಟ್ಟರು. ಅಮೆರಿಕದ ಕ್ಲೇ ಸಂಸ್ಥೆ 2000ದಲ್ಲಿ ಇದಕ್ಕೆ 10 ಲಕ್ಷ ಡಾಲರ್ ಬಹುಮಾನ ಘೋಷಿಸಿದೆ. ಬಹುಮಾನ ಇನ್ನೂ ಅಲ್ಲೇ ಉಂಟು.

ಇಚಲಕರಂಜಿಯ ಹುಡುಗ

ಸರಿಯಾದ ಉತ್ತರಕ್ಕೆ ಅಷ್ಟು ಸಮಯ ಬೇಕಾದರೆ ‘ಸುಮಾರಾಗಿ ಸರಿ’ ಉತ್ತರ ಸಿಗಬಹುದೇ? ಹೌದು. ನೇರ ಹೋಗುವುದಕ್ಕಿಂತ ಸುತ್ತಿ ಹೋದರೆ ದೂರ ಕಡಿಮೆಯಾಗದಂಥ ನಕ್ಷೆಗಳಲ್ಲಿ, ಅತಿ ಚಿಕ್ಕ ದಾರಿಯ ಒಂದೂವರೆ ಪಟ್ಟು ಮೀರದ ದಾರಿಯನ್ನು ಬೇಗನೆ ಹುಡುಕುವ ವಿಧಾನವನ್ನು 1976ರಲ್ಲಿ ಕ್ರಿಸ್ಟೊಫಿಡಿಸ್ ತೋರಿಸಿಕೊಟ್ಟರು. ಹಾಗಾದರೆ ಇಂಥ ‘ಸುಮಾರು’ ಉತ್ತರಗಳನ್ನು ಎಷ್ಟರ ಮಟ್ಟಿಗೆ ಸುಧಾರಿಸಬಹುದು? ಎಲ್ಲಿ ಗೋಡೆ ಅಡ್ಡ ಬರುತ್ತದೆ?

ಈ ಪ್ರಶ್ನೆಯಲ್ಲಿ ಜಗತ್ತಿಗೇ ದಾರಿ ತೋರಿದವರು ಸುಭಾಷ್ ಖೋತ್. 1978ರಲ್ಲಿ ಹುಟ್ಟಿದ ಅವರ ಊರು ಮಹಾರಾಷ್ಟ್ರದ ಇಚಲಕರಂಜಿ. ಕೊಲ್ಹಾಪುರ ಜಿಲ್ಲೆಯ ಮಗ್ಗಗಳ ಈ ಪೇಟೆ ಗಡಿಭಾಗದ ಕನ್ನಡಿಗರಿಗೆ ಅಪರಿಚಿತವೇನಲ್ಲ. ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಅದು ಪಕ್ಕದೂರು. 1994 ಮತ್ತು 1995ರ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗಳಲ್ಲಿ ಬೆಳ್ಳಿ ಪದಕ, 1995ರ ಐಐಟಿ ಪ್ರವೇಶ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲ ಸ್ಥಾನ, ಆಮೇಲೆ ಐಐಟಿ ಬಾಂಬೆ, ಅಲ್ಲಿಂದ ಅಮೆರಿಕದ ಪ್ರಿನ್ಸ್‌ಟನ್. 2002ರಲ್ಲಿ ಅವರು ಮಂಡಿಸಿದ ‘ಯುನೀಕ್ ಗೇಮ್ಸ್’ ಎಂಬ ಊಹೆ ನಿಜವಾದರೆ, ಅನೇಕ ಕಠಿಣ ಲೆಕ್ಕಗಳಿಗೆ ಈಗ ಗೊತ್ತಿರುವ ‘ಸುಮಾರು’ ವಿಧಾನಕ್ಕಿಂತ ಉತ್ತಮವಾದದ್ದು ಸಿಗುವುದಿಲ್ಲ ಎಂದು ಖಚಿತವಾಗುತ್ತದೆ. ಈ ಕೆಲಸಕ್ಕಾಗಿ 2014ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ನಡೆದ ಗಣಿತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಅವರಿಗೆ ನೆವಾನ್ಲಿನ್ನಾ ಪ್ರಶಸ್ತಿ ಸಂದಿತು. ಗಡಿಯ ಹತ್ತಿರದ ಸಣ್ಣ ಪೇಟೆಯಲ್ಲಿ ಬೆಳೆದವರಿಗೆ ಇದು ಆಗದ ಮಾತು ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಅದೇ 2002ರ ಆಗಸ್ಟ್‌ನಲ್ಲಿ ಐಐಟಿ ಕಾನ್ಪುರದಿಂದ ಇನ್ನೊಂದು ಸುದ್ದಿ ಬಂತು. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಖಚಿತವಾಗಿ, ಬೇಗನೆ ಹೇಳುವ ವಿಧಾನವನ್ನು ಪ್ರಾಧ್ಯಾಪಕ ಮಣೀಂದ್ರ ಅಗರವಾಲ್ ಮತ್ತು ಆಗಷ್ಟೇ ಬಿಟೆಕ್ ಮುಗಿಸಿದ್ದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕಂಡುಹಿಡಿದರು. 2006ರಲ್ಲಿ ಮೂವರಿಗೂ ಗೋಡೆಲ್ ಪ್ರಶಸ್ತಿ ಬಂತು. ಅವಿಭಾಜ್ಯ ಸಂಖ್ಯೆ ಎಂಬ ಶಬ್ದವೂ ಕನ್ನಡ ಶಾಲೆಯಲ್ಲೇ ಕಲಿತದ್ದಲ್ಲವೇ?

0.1ರ ಬೆಲೆ 28 ಜೀವ

ಇನ್ನು ಕಂಪ್ಯೂಟೇಶನಲ್ ಗಣಿತ. ಸರಳವಾಗಿ ಹೇಳುವುದಾದರೆ, ಕಾಗದದ ಮೇಲೆ ಬಿಡಿಸಲಾಗದ ಸಮೀಕರಣಗಳನ್ನು ಕಂಪ್ಯೂಟರಿನಿಂದ ಬಿಡಿಸುವ ವಿದ್ಯೆ. ಬಿಡಿಸುವಾಗ ಎಷ್ಟು ತಪ್ಪು ಬರುತ್ತದೆ ಎಂದು ಅಳೆಯುವುದು ಇದರ ಅರ್ಧ ಪಾಠ.

ಕಂಪ್ಯೂಟರ್ ಲೆಕ್ಕ ತಪ್ಪುತ್ತದೆಯೇ ಎಂದು ಯಾರಾದರೂ ಕೇಳಬಹುದು. ಪೈಥಾನ್ ಭಾಷೆಯಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ. 0.3 ಬರುವುದಿಲ್ಲ. ದಶಮಾಂಶದ ನಂತರ ಮೊದಲು 3, ಆಮೇಲೆ ಹದಿನೈದು ಸೊನ್ನೆ, ಕೊನೆಗೊಂದು 4 ಬರುತ್ತದೆ. ಮೂರನೇ ಒಂದನ್ನು ನಾವು 0.333 ಎಂದು ಬರೆಯುತ್ತಾ ಹೋದರೆ ಹೇಗೆ ಮುಗಿಯುವುದಿಲ್ಲವೋ, ಹಾಗೆಯೇ ಎರಡೇ ಅಂಕಿ ಬಲ್ಲ ಕಂಪ್ಯೂಟರಿಗೆ ಹತ್ತನೇ ಒಂದು ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಆ ಚೂರು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಗಲ್ಫಿನಲ್ಲಿ ದುಡಿದವರಿಗೆ ಗೊತ್ತಿರುವ ದಹ್ರಾನ್ ಸಾಕ್ಷಿ. ಕೊಲ್ಲಿ ಯುದ್ಧದ ಸಮಯ, 1991ರ ಫೆಬ್ರವರಿ 25. ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಬೇಕಿದ್ದ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಸೆಕೆಂಡಿನ ಹತ್ತನೇ ಒಂದಂಶದ ಲೆಕ್ಕದಲ್ಲಿ ಸಮಯ ಎಣಿಸುತ್ತಿತ್ತು. 24 ಬಿಟ್‌ಗಳಲ್ಲಿ ಕತ್ತರಿಸಿದ ಆ ಹತ್ತನೇ ಒಂದರಲ್ಲಿ ಕಣ್ಣಿಗೆ ಕಾಣದಷ್ಟು ವ್ಯತ್ಯಾಸವಿತ್ತು. ಯಂತ್ರ ಸುಮಾರು 100 ಗಂಟೆ ನಿಲ್ಲದೆ ನಡೆದಾಗ ವ್ಯತ್ಯಾಸ ಬೆಳೆದು ಸೆಕೆಂಡಿನ ಮೂರನೇ ಒಂದಂಶಕ್ಕೆ ಬಂತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ಪೇಟ್ರಿಯಟ್ ಬೇರೆ ಜಾಗದಲ್ಲಿ ಹುಡುಕಿತು. ಕ್ಷಿಪಣಿ ಸೈನಿಕರ ವಸತಿಗೆ ಬಡಿದು 28 ಮಂದಿ ಸತ್ತರು. ಕಂಪ್ಯೂಟೇಶನಲ್ ಗಣಿತದ ಮೊದಲ ಪಾಠಗಳಲ್ಲಿ ಈ ಘಟನೆಯನ್ನು ಇಂದಿಗೂ ಹೇಳಿಕೊಡುತ್ತಾರೆ.

ಹತ್ತಿರದ ಉದಾಹರಣೆ ಬೇಕೆಂದರೆ ಅಡಕೆ ತೋಟಕ್ಕೆ ಬನ್ನಿ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಬೇಕಾದರೆ ಮಳೆ ಬಿಟ್ಟ ದಿನ ಬೇಕು. ಆ ದಿನ ಯಾವುದು ಎಂದು ಹೇಳುವ ಹವಾಮಾನ ಮುನ್ಸೂಚನೆ ಪೂರಾ ಈ ಗಣಿತವೇ. ಭೂಮಿಯ ಮೇಲೆ ಬಲೆ ಹಾಸಿದ ಹಾಗೆ ಚೌಕಗಳನ್ನು ಮಾಡಿ, ಒಂದೊಂದು ಚೌಕದಲ್ಲೂ ಗಾಳಿ, ಒತ್ತಡ, ತೇವಾಂಶಗಳ ಸಮೀಕರಣ ಬಿಡಿಸಬೇಕು. ಚೌಕದ ಅಗಲ ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ, ಸಮಯದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುತ್ತದೆ. ಒಟ್ಟು ಕೆಲಸ ಸುಮಾರು ಎಂಟು ಪಟ್ಟು. ಭಾರತ 2025ರ ಮೇ ತಿಂಗಳಲ್ಲಿ ಬಳಕೆಗೆ ತಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನಲ್ಲಿ ಈ ಚೌಕ ಸುಮಾರು 6 ಕಿಲೋಮೀಟರಿಗೆ ಇಳಿದಿದೆ. ಅದಕ್ಕೂ ಮೊದಲು 12 ಕಿಲೋಮೀಟರ್ ಇತ್ತು. ಎಂಟು ಪಟ್ಟು ಕೆಲಸವನ್ನು ಸಮಯಕ್ಕೆ ಸರಿಯಾಗಿ ಮುಗಿಸುವ ಉಪಾಯ ಹುಡುಕುವವರು ಈ ಕೋರ್ಸುಗಳಿಂದ ಬಂದವರೇ.

ಬಾಗಿಲುಗಳು ಎಲ್ಲೆಲ್ಲಿ?

ಕಾಸರಗೋಡಿನವರಿಗೆ ಮೊದಲ ಬಾಗಿಲು ಮನೆಯ ಹತ್ತಿರವೇ ಇದೆ. 2009ರಲ್ಲಿ ಆರಂಭವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದ ಕ್ಯಾಂಪಸ್ ಪೆರಿಯದಲ್ಲಿದೆ. ಕಂಪ್ಯೂಟರ್ ಸಯನ್ಸ್ ಮತ್ತು ಗಣಿತ ಎರಡರಲ್ಲೂ ಅಲ್ಲಿ ಎಂಎಸ್ಸಿ ಉಂಟು. ಕೇಂದ್ರೀಯ ವಿವಿಗಳ ಸ್ನಾತಕೋತ್ತರ ಪ್ರವೇಶಕ್ಕೆ 2022ರಿಂದ ‘ಸಿಯುಇಟಿ-ಪಿಜಿ’ ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ಉತ್ತರಕ್ಕೆ ರೈಲು ಹತ್ತಿದರೆ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ, ಇನ್ನೂ ಮುಂದೆ ಸುರತ್ಕಲ್‌ನ ಎನ್‌ಐಟಿಕೆ. 1960ರಲ್ಲಿ ಕೆಆರ್‌ಇಸಿಯಾಗಿ ಹುಟ್ಟಿ 2002ರಲ್ಲಿ ಎನ್‌ಐಟಿಯಾದ ಈ ಸಂಸ್ಥೆಯಲ್ಲಿ ಗಣಿತ ಮತ್ತು ಕಂಪ್ಯೂಟೇಶನಲ್ ವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ.

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಮಕ್ಕಳಿಗೆ ಸೊಲ್ಲಾಪುರದ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ವಿಶ್ವವಿದ್ಯಾನಿಲಯದಲ್ಲಿ ‘ಸ್ಕೂಲ್ ಆಫ್ ಕಂಪ್ಯೂಟೇಶನಲ್ ಸಯನ್ಸಸ್’ ಎಂಬ ಹೆಸರಿನ ವಿಭಾಗವೇ ಇದೆ. ಜತ್ತದವರಿಗೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾನಿಲಯ ಇದೆ. ಪಶ್ಚಿಮ ತೆಲಂಗಾಣದವರಿಗೆ 1974ರ ಹೈದರಾಬಾದ್ ಕೇಂದ್ರೀಯ ವಿವಿ, ರಾಯದುರ್ಗ, ಮಡಕಶಿರಾ ಕಡೆಯವರಿಗೆ ಅನಂತಪುರದ ಶ್ರೀಕೃಷ್ಣದೇವರಾಯ ವಿವಿ, ನೀಲಗಿರಿ, ತಾಳವಾಡಿಯವರಿಗೆ ಕೊಯಮತ್ತೂರಿನ ಭಾರತಿಯಾರ್ ವಿವಿ ಇವೆ. ಹೊಸೂರಿನವರಿಗೆ ಬೆಂಗಳೂರೇ ಪೇಟೆ. ಗೋವಾದಲ್ಲಿ ಗೋವಾ ವಿಶ್ವವಿದ್ಯಾನಿಲಯದ ಜೊತೆಗೆ 2016ರಿಂದ ಐಐಟಿಯೂ ಇದೆ. ಧಾರವಾಡದ ಐಐಟಿ ಆರಂಭವಾದದ್ದೂ ಅದೇ ವರ್ಷ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ಸಯನ್ಸ್ ಆ್ಯಂಡ್ ಆಟೊಮೇಶನ್ ಹಳೆಯ ವಿಭಾಗ. 2015ರಲ್ಲಿ ಕಂಪ್ಯೂಟೇಶನಲ್ ಆ್ಯಂಡ್ ಡೇಟಾ ಸಯನ್ಸಸ್ ಎಂಬ ಹೊಸ ವಿಭಾಗವೂ ರೂಪುಗೊಂಡಿದೆ. ಚೆನ್ನೈ ಹತ್ತಿರ ಸಿರುಸೇರಿಯ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ಕಂಪ್ಯೂಟರ್ ಸಯನ್ಸ್ ಮತ್ತು ಡೇಟಾ ಸಯನ್ಸ್‌ನಲ್ಲಿ ಎಂಎಸ್ಸಿ ನಡೆಸುತ್ತದೆ. ಇದಕ್ಕೂ, ಭಾರತೀಯ ಸಾಂಖ್ಯಿಕ ಸಂಸ್ಥೆಗೂ ಪ್ರತ್ಯೇಕ ಪ್ರವೇಶ ಪರೀಕ್ಷೆಗಳಿವೆ.

ಪರೀಕ್ಷೆಯ ಒಳಗುಟ್ಟು

ಐಐಟಿಗಳ ಎಂಎಸ್ಸಿಗೆ ‘ಜ್ಯಾಮ್’ ಬರೆಯಬೇಕು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಗಮನಿಸಬೇಕಾದ ಸಂಗತಿ ಎಂದರೆ ಜ್ಯಾಮ್‌ನಲ್ಲಿ ಕಂಪ್ಯೂಟರ್ ಸಯನ್ಸ್ ಎಂಬ ಪತ್ರಿಕೆಯೇ ಇಲ್ಲ. ಇರುವುದು ಗಣಿತ ಮತ್ತು ಗಣಿತೀಯ ಸಂಖ್ಯಾಶಾಸ್ತ್ರ. ಎಂಟೆಕ್‌ಗೆ ‘ಗೇಟ್’. ಅದರ ಕಂಪ್ಯೂಟರ್ ಸಯನ್ಸ್ ಪತ್ರಿಕೆಯಲ್ಲಿ ಗಣಿತಕ್ಕೆಂದೇ 13 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 15 ಅಂಕ. ಉಳಿದ 72 ಅಂಕಗಳಲ್ಲೂ ಅಲ್ಗೊರಿದಮ್, ಆಟೊಮ್ಯಾಟಾ ಮೊದಲಾದವು ಗಣಿತವೇ. 2024ರಿಂದ ‘ಡೇಟಾ ಸಯನ್ಸ್ ಮತ್ತು ಕೃತಕ ಬುದ್ಧಿಮತ್ತೆ’ ಎಂಬ ಹೊಸ ಗೇಟ್ ಪತ್ರಿಕೆ ಬಂದಿದೆ. ಅದರಲ್ಲಿ ಸಂಭವನೀಯತೆ, ಲೀನಿಯರ್ ಆಲ್ಜಿಬ್ರಾ ಇಲ್ಲದೆ ಒಂದು ಹೆಜ್ಜೆಯೂ ಸಾಗದು. ಗೇಟ್ ಅಂಕಕ್ಕೆ ಮೂರು ವರ್ಷ ಆಯುಷ್ಯ. ಬಿಇ ಆಗದಿದ್ದರೂ ಗಣಿತ ಎಂಎಸ್ಸಿ ಅಥವಾ ಎಂಸಿಎ ಮಾಡಿದವರನ್ನು ಅನೇಕ ಸಂಸ್ಥೆಗಳು ಎಂಟೆಕ್‌ಗೆ ಸೇರಿಸಿಕೊಳ್ಳುತ್ತವೆ. ಎನ್‌ಐಟಿಗಳ ಎಂಸಿಎಗೆ ‘ನಿಮ್‌ಸೆಟ್’ ಬೇರೆ ಉಂಟು.

ಜ್ಯಾಮ್, ಗೇಟ್ ಎರಡೂ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆಯುತ್ತವೆ. ಅರ್ಜಿ ಹಾಕುವುದು ಹಿಂದಿನ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ. ಫಲಿತಾಂಶ ಬಂದ ಮೇಲೆ ಜಗಲಿಯಲ್ಲಿ ಮಾತಿಗೆ ಕೂತರೆ ಒಂದು ವರ್ಷ ಹೋದಂತೆಯೇ. ಹಿಂದುಳಿದ ವರ್ಗದವರು ರಾಜ್ಯ ಮಾದರಿಯ ಪ್ರಮಾಣಪತ್ರ ಹಿಡಿದು ಹೋದರೆ ಸಾಲದು. ಕೇಂದ್ರ ಮಾದರಿಯ ಒಬಿಸಿ ಪ್ರಮಾಣಪತ್ರ ಬೇಕು, ತಮ್ಮ ರಾಜ್ಯದ ಕೇಂದ್ರ ಪಟ್ಟಿಯಲ್ಲಿ ಜಾತಿಯ ಹೆಸರು ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಊರು ಕೇಳದ ಸೀಟಿನಲ್ಲೂ ಈ ಕಾಗದವನ್ನು ಮಾತ್ರ ಕೇಳುತ್ತಾರೆ.

ಪ್ಲಸ್ ಟು ಮುಗಿಸಿದ ಮಕ್ಕಳು ಕರ್ನಾಟಕದ ಬಿಇ ಸೀಟಿಗೆ ಹೋಗುವುದಾದರೆ ಲೆಕ್ಕ ಬೇರೆ. ಅಲ್ಲಿ ರಾಜ್ಯ ಕೇಳುತ್ತಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ‘ಹೊರನಾಡು ಕನ್ನಡಿಗ’, ‘ಗಡಿನಾಡು ಕನ್ನಡಿಗ’ ಎಂಬ ಅರ್ಹತಾ ಕಲಂಗಳಿದ್ದು, ಅದರಡಿ ಬರುವವರಿಗೆ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತಾರೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಸಾಲು ಸಾಲಾಗಿ ಓದಿಯೇ ಅರ್ಜಿ ತುಂಬಬೇಕು.

ಎಡವುವುದು ಎಲ್ಲಿ?

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗ ಪ್ಲಸ್ ವನ್‌ಗೆ ಬಂದ ದಿನ ‘ಸಂಭವನೀಯತೆ’ ಪ್ರಾಬಬಿಲಿಟಿಯಾಗುತ್ತದೆ, ‘ಗಣ’ ಸೆಟ್ ಆಗುತ್ತದೆ, ‘ಅಪವರ್ತನ’ ಫ್ಯಾಕ್ಟರ್ ಆಗುತ್ತದೆ. ವಿಷಯ ಗೊತ್ತಿದ್ದರೂ ಹೆಸರು ಗೊತ್ತಾಗದೆ ಬಾಯಿ ಕಟ್ಟುತ್ತದೆ. ‘ನಂಗೆ ಗಣಿತ ಆಗುದಿಲ್ಲ’ ಎಂಬ ಮಾತು ಹುಟ್ಟುವುದು ಅನೇಕ ಸಲ ಇಲ್ಲಿಂದ. ಆಗದಿರುವುದು ಗಣಿತವಲ್ಲ, ಇಂಗ್ಲಿಷು. ಇಂಗ್ಲಿಷಿನ ಈ ಇನ್ನೂರು, ಮುನ್ನೂರು ಶಬ್ದಗಳನ್ನು ಕನ್ನಡ ಅರ್ಥದ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಒಂದು ಬೇಸಿಗೆ ರಜೆಯಲ್ಲಿ ದಾಟಬಹುದಾದ ತೋಡು ಅದು. ದಾಟಿಸುವವರು ಇಲ್ಲದಿದ್ದರೆ ಅದೇ ಹೊಳೆಯಾಗುತ್ತದೆ. ಜ್ಯಾಮ್, ಗೇಟ್ ಪ್ರಶ್ನೆಪತ್ರಿಕೆಗಳು ಇಂಗ್ಲಿಷಿನಲ್ಲೇ ಬರುವುದರಿಂದ ಇದನ್ನು ತಪ್ಪಿಸಿ ಹೋಗುವ ದಾರಿಯಿಲ್ಲ.

ಎರಡನೆಯ ಎಡವು ಡಿಗ್ರಿಯಲ್ಲಿ. ಪರೀಕ್ಷೆಗೆ ಬರುವ ಹತ್ತು ಪ್ರಮೇಯ ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ, ವಿದ್ಯೆ ಬರುವುದಿಲ್ಲ. ಮೇಲೆ ಹೇಳಿದ ಯಾವ ಪರೀಕ್ಷೆಯಲ್ಲೂ ಬಾಯಿಪಾಠಕ್ಕೆ ಅಂಕವಿಲ್ಲ. ಲೀನಿಯರ್ ಆಲ್ಜಿಬ್ರಾ, ಸಂಭವನೀಯತೆ, ಡಿಸ್ಕ್ರೀಟ್ ಗಣಿತ, ಕಲನಶಾಸ್ತ್ರ, ಈ ನಾಲ್ಕನ್ನು ಲೆಕ್ಕ ಮಾಡಿ ಮಾಡಿ ಕಲಿತವರಿಗೆ ಉನ್ನತ ಕೋರ್ಸಿನ ಮೊದಲ ಸೆಮಿಸ್ಟರ್ ಉಸಿರುಕಟ್ಟಿಸುವುದಿಲ್ಲ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿರುವುದರಿಂದ ಈ ತಯಾರಿಗೆ ಸ್ವಲ್ಪ ಹೆಚ್ಚು ಸಮಯವೂ ಸಿಗುತ್ತದೆ.

ಕಲಿಸುವವರು ಹತ್ತಿರ ಇಲ್ಲ ಎಂಬ ನೆಪಕ್ಕೂ ಈಗ ಬಲವಿಲ್ಲ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ‘ಎನ್‌ಪಿಟೆಲ್’ನಲ್ಲಿ ಪ್ರಾಧ್ಯಾಪಕರ ಪೂರ್ತಿ ತರಗತಿಗಳ ವೀಡಿಯೊ ಉಚಿತವಾಗಿ ಸಿಗುತ್ತದೆ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ. ಕೆಲವು ಕೋರ್ಸುಗಳ ಪಾಠಗಳನ್ನು ಕನ್ನಡಕ್ಕೂ ಅನುವಾದಿಸಿದ್ದಾರೆ. ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಡೇಟಾ ಸಯನ್ಸ್ ಪದವಿಗೆ ಮನೆಯಲ್ಲೇ ಕುಳಿತು ಕಲಿತು, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬಹುದು. ಅದಕ್ಕೆ ಜೆಇಇ ಕಡ್ಡಾಯವಲ್ಲ, ನಾಲ್ಕು ವಾರ ಕಲಿತು ಬರೆಯುವ ಅರ್ಹತಾ ಪರೀಕ್ಷೆಯ ದಾರಿಯೂ ಉಂಟು. ಬಡ ಕುಟುಂಬದವರಿಗೆ ಶುಲ್ಕದಲ್ಲಿ ರಿಯಾಯಿತಿಯೂ ಇದೆ.

ಜಗಲಿಯ ಪ್ರಶ್ನೆಗೆ ಉತ್ತರ

ಇಷ್ಟಾದ ಮೇಲೆ ಆ ಅಪ್ಪನ ಪ್ರಶ್ನೆಗೆ ಮರಳಬಹುದು. ನಮಗೆ ಅಲ್ಲಿ ಸೀಟು ಸಿಗುತ್ತದೆಯೇ? ರ‍್ಯಾಂಕ್ ಬಂದರೆ ಸಿಗುತ್ತದೆ. ಗೇಟ್ ಮೂಲಕ ಎಂಟೆಕ್ ಸೇರಿದವರಿಗೆ ತಿಂಗಳ ವಿದ್ಯಾರ್ಥಿವೇತನವೂ ಇರುವುದರಿಂದ ತೋಟ ಅಡವಿಟ್ಟು ಓದಿಸಬೇಕಾದ ಸ್ಥಿತಿ ಬರುವುದಿಲ್ಲ. ಕೆಲಸ ಸಿಗುತ್ತದೆಯೇ ಎಂಬುದಕ್ಕೆ ಯಾರೂ ಗ್ಯಾರಂಟಿ ಬರೆದು ಕೊಡಲಾರರು. ಆದರೆ ಒಂದು ಸಾಫ್ಟ್‌ವೇರ್ ಹೋಗಿ ಇನ್ನೊಂದು ಬಂದಾಗ ಮತ್ತೆ ಫೀಸು ಕಟ್ಟಿ ಶುರುವಿನಿಂದ ಕಲಿಯುವ ಗತಿ ಬುಡದ ಗಣಿತ ಗೊತ್ತಿದ್ದವರಿಗೆ ಬರುವುದಿಲ್ಲ.

ಗಡಿಯಲ್ಲಿ ಬೆಳೆದ ಮಕ್ಕಳಿಗೆ ಒಂದು ಲಾಭವೂ ಇದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಪೇಟೆಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್. ಒಂದೇ ವಿಷಯವನ್ನು ಮೂರು ಭಾಷೆಯಲ್ಲಿ ಹೇಳಿ ಅಭ್ಯಾಸವಾದವರಿಗೆ ಗಣಿತ ನಾಲ್ಕನೆಯ ಭಾಷೆ, ಪೈಥಾನ್ ಐದನೆಯದು. ಅಷ್ಟೇ.

ಹಾಗಾಗಿ ಮುಂದಿನ ಸಲ ಜಗಲಿಯಲ್ಲಿ ಮಾತು ಬಂದಾಗ “ಸೀಟು ಸಿಗ್ಲಿಕ್ಕುಂಟಾ?” ಎನ್ನುವ ಬದಲು “ಇವತ್ತು ಎಷ್ಟು ಲೆಕ್ಕ ಮಾಡಿದಿ ಮಗಾ?” ಎಂದು ಕೇಳಿದರೆ ಒಳ್ಳೆಯದು. ಅದನ್ನೂ ಫಲಿತಾಂಶದ ವಾರದಲ್ಲಲ್ಲ, ಡಿಗ್ರಿಗೆ ಸೇರಿದ ಮೊದಲ ವರ್ಷವೇ ಕೇಳಬೇಕು.